ಫೋಲ್ಗೊರೆಯ ಎಡ ರೆಕ್ಕೆ

೨೦೨೧ರ ನವೆಂಬರ್‌ನಲ್ಲಿ ನಾನು ಮಣಿಪಾಲದ ಈಶ್ವರನಗರದಲ್ಲಿ ಎರಡು ಕೋಣೆಯ ಒಂದು ವರ್ಕ್‌ಶಾಪ್ ನಡೆಸುತ್ತಿದ್ದೆ. ಅದಕ್ಕೆ ಮೊದಲು ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದೆ. ಅಂದರೆ ಇಂಜಿನ್ ಒಂದನ್ನು ಬಿಟ್ಟು ವಿಮಾನದ ಉಳಿದ ಮೈಯನ್ನೆಲ್ಲ ನೋಡಿಕೊಳ್ಳುವವನು. ನಿವೃತ್ತಿಯ ನಂತರ ಸ್ಕೇಲ್ ಮಾಡೆಲ್ ಮಾಡುವುದನ್ನೇ ವೃತ್ತಿಯಾಗಿಸಿಕೊಂಡೆ. ಬಿಲ್ಡರುಗಳಿಗೆ ಅಪಾರ್ಟ್‌ಮೆಂಟಿನ ಮಾದರಿ, ಕಾಲೇಜುಗಳಿಗೆ ಸೇತುವೆ, ಟರ್ಬೈನುಗಳ ಮಾದರಿ. ಬಿಲ್ಡರುಗಳಿಗೆ ಮಾಡಿಕೊಡುವಾಗ ಕಟ್ಟಡಕ್ಕಿಂತ ಅದರ ಮುಂದಿನ ಪ್ಲಾಸ್ಟಿಕ್ ಮರಗಳ ಬಗ್ಗೆ ಹೆಚ್ಚು ಚರ್ಚೆಯಾಗುತ್ತಿತ್ತು. ಜನರ ಬುದ್ಧಿಯ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ಗೌರವ ಆ ಕಾಲದಲ್ಲೇ ಕರಗಿತ್ತು.

ಆ ತಿಂಗಳು ಕಾಪುವಿನಿಂದ ಜಯಕರ ಶೆಟ್ಟರು ಬಂದರು. ಗಲ್ಫಿನಲ್ಲಿ ಸಾರಿಗೆ ಉದ್ಯಮ ನಡೆಸಿ ಊರಿಗೆ ಮರಳಿದವರು. ಹೆದ್ದಾರಿಯ ಬದಿಯ ಒಂದು ಹಳೆಯ ಹಂಚಿನ ಕಾರ್ಖಾನೆಯನ್ನು ಕೊಂಡು, ಅದರಲ್ಲಿ ಎರಡನೇ ಮಹಾಯುದ್ಧದ ಸಾಮಾನುಗಳ ಸಂಗ್ರಹಾಲಯ ಮಾಡುತ್ತಿದ್ದರು. ಜೀಪು, ಹೆಲ್ಮೆಟ್, ತಂತಿ ಯಂತ್ರ, ತುಕ್ಕು ಹಿಡಿದ ನೀರಿನ ಡಬ್ಬಿ, ಹೀಗೆ ಸಿಕ್ಕಿದ್ದೆಲ್ಲ ಅಲ್ಲಿತ್ತು. ದುಡ್ಡಿದ್ದವರ ಇನ್ನೊಂದು ಹುಚ್ಚು ಎಂದುಕೊಂಡೆ. ಆದರೆ ಅವರು ಕೇಳಿದ್ದು ಮಾತ್ರ ನಾನು ನಿರೀಕ್ಷಿಸಿರದ ವಸ್ತು: ಇಟಲಿಯ ಯುದ್ಧವಿಮಾನ ಫೋಲ್ಗೊರೆ. ಇಟಾಲಿಯನ್ ಭಾಷೆಯಲ್ಲಿ ಅದರ ಅರ್ಥ ಸಿಡಿಲು.

ಶೆಟ್ಟರ ಅಜ್ಜ ಬ್ರಿಟಿಷ್ ಇಂಡಿಯನ್ ಸೈನ್ಯದಲ್ಲಿ ಲಾರಿ ಚಾಲಕರಾಗಿ ಉತ್ತರ ಆಫ್ರಿಕಾಕ್ಕೆ ಹೋಗಿದ್ದರಂತೆ. ಮರುಭೂಮಿಯಲ್ಲಿ ಒಂದು ದಿನ ಇಟಲಿಯ ವಿಮಾನವೊಂದು ಅವರ ಲಾರಿಗಳ ಸಾಲಿನ ಮೇಲೆ ಗುಂಡಿನ ಮಳೆಗರೆದಿತ್ತು. ಅಜ್ಜ ಲಾರಿಯ ಅಡಿಯಲ್ಲಿ ಮಲಗಿ ಬದುಕಿಕೊಂಡರು, ಆದರೆ ಒಂದು ಕಿವಿ ಶಾಶ್ವತವಾಗಿ ಕೆಪ್ಪಾಯಿತು. ಬಿಳಿ ಮೂತಿ, ಬೂದು ಹೊಟ್ಟೆ, ಬೆನ್ನಿಗೆ ಬಿಳಿ ಪಟ್ಟಿ ಎಂದು ಸಾಯುವವರೆಗೂ ಹೇಳುತ್ತಿದ್ದರಂತೆ. ಹತ್ತಕ್ಕೆ ಒಂದರ ಅಳತೆಯಲ್ಲಿ ಮಾಡುವುದೆಂದು ತೀರ್ಮಾನಿಸಿದೆವು. ನಿಜವಾದ ವಿಮಾನದ ಉದ್ದ ಸುಮಾರು ಎಂಟೂಮುಕ್ಕಾಲು ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಹತ್ತೂವರೆ ಮೀಟರ್. ನನ್ನ ಮೇಜಿನ ಮೇಲೆ ಅದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲ ಬರುತ್ತಿತ್ತು.

ಫೋಲ್ಗೊರೆಗೆ ಒಂದು ವಿಶೇಷವುಂಟು. ಅದರ ಎಡ ರೆಕ್ಕೆ ಬಲ ರೆಕ್ಕೆಗಿಂತ ಸುಮಾರು ಇಪ್ಪತ್ತು ಸೆಂಟಿಮೀಟರ್ ಉದ್ದ. ಮೂತಿಯ ಪ್ರೊಪೆಲ್ಲರ್ ಒಂದು ದಿಕ್ಕಿಗೆ ತಿರುಗುವಾಗ ವಿಮಾನದ ದೇಹ ಅದರ ವಿರುದ್ಧ ದಿಕ್ಕಿಗೆ ವಾಲುತ್ತದೆ. ಇದಕ್ಕೆ ಟಾರ್ಕ್ ಎನ್ನುತ್ತಾರೆ. ಆ ವಾಲುವಿಕೆಯನ್ನು ತಡೆಯಲು ಎಡಗಡೆಗೆ ಸ್ವಲ್ಪ ಹೆಚ್ಚು ರೆಕ್ಕೆ ಕೊಟ್ಟು ಎತ್ತುವ ಬಲ ಹೆಚ್ಚಿಸಿದ್ದರು. ಹತ್ತಕ್ಕೆ ಒಂದರ ಅಳತೆಯಲ್ಲಿ ಆ ವ್ಯತ್ಯಾಸ ಎರಡು ಸೆಂಟಿಮೀಟರ್. ಹುಡುಕಿ ನೋಡುವ ಕಣ್ಣಿಗೆ ಮಾತ್ರ ಕಾಣುವಷ್ಟು.

ಪ್ಲೈವುಡ್ಡಿನ ಅಸ್ಥಿಪಂಜರ ಮಾಡಿ, ಅದರ ಮೇಲೆ ಹಗುರವಾದ ಬಾಲ್ಸಾ ಮರದ ಹೊದಿಕೆ ಹೊದೆಸಿ, ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ನಿಜವಾದ ವಿಮಾನದ ತಗಡುಗಳ ಕೂಡುಗೆರೆಗಳನ್ನು ಅದರ ಮೇಲೆ ಸೂಜಿಯಿಂದ ಕೊರೆದೆ. ಚಕ್ರಗಳನ್ನೂ ಕಾಕ್‌ಪಿಟ್ಟಿನ ಒಳಭಾಗವನ್ನೂ ತ್ರೀಡಿ ಪ್ರಿಂಟ್ ಮಾಡಿಸಿದೆ. ಇಷ್ಟಕ್ಕೇ ನಾಲ್ಕು ತಿಂಗಳು ಹಿಡಿಯಿತು. ಬಣ್ಣದ ಕೆಲಸಕ್ಕೆ ಮಾತ್ರ ನನ್ನ ಕೈ ಸಾಲದು ಎಂದು ಗೊತ್ತಿತ್ತು. ಮರಳಿನ ಬಣ್ಣದ ಮೇಲೆ ಕಡುಹಸಿರಿನ ಹೊಗೆಯಂಥ ಉಂಗುರಗಳು, ಶತ್ರುವಿನ ಕಣ್ಣು ತಪ್ಪಿಸಲು ಅದಕ್ಕೆ ಹಾಕಿದ್ದ ವೇಷ. ಇಟಲಿಯ ಕಾರ್ಖಾನೆಯಲ್ಲಿ ಅಚ್ಚಿಲ್ಲದೆ, ಸ್ಪ್ರೇ ಗನ್ ಹಿಡಿದು ಕೈಯಂದಾಜಿನಲ್ಲಿ ಹೊಡೆದದ್ದರಿಂದ ಒಂದು ಉಂಗುರ ಇನ್ನೊಂದರಂತೆ ಇರುತ್ತಿರಲಿಲ್ಲ.

ಹೀಗಾಗಿ ಅಜೆಕಾರಿನ ವಾಸಣ್ಣನನ್ನು ಕರೆತಂದೆ. ಮೂವತ್ತೈದು ವರ್ಷ ಉಡುಪಿ–ಕಾರ್ಕಳ ರೂಟಿನ ಬಸ್ಸುಗಳ ಮೇಲೆ ಹೆಸರು, ಹೂಬಳ್ಳಿ, ದೇವರ ಚಿತ್ರ ಬರೆದ ಕೈ ಅವನದು. ಸ್ಟಿಕ್ಕರುಗಳು ಬಂದ ಮೇಲೆ ಬಸ್ಸಿನ ಮಾಲೀಕರಿಗೆ ಅವನ ಅಗತ್ಯ ಉಳಿಯಲಿಲ್ಲ. ಸ್ಟಿಕ್ಕರ್ ಅಂಟಿಸಿದ ಬಸ್ಸುಗಳನ್ನು ನೋಡಿದರೆ ನನಗೆ ಈಗಲೂ ಬಿಸ್ಕತ್ತಿನ ಪೊಟ್ಟಣದ ನೆನಪಾಗುತ್ತದೆ. ನನ್ನ ಏರ್‌ಬ್ರಷ್ ನೋಡಿ ವಾಸಣ್ಣ, ಇದು ಸೊಳ್ಳೆಗೆ ಮದ್ದು ಹೊಡೆಯುವ ಸಾಮಾನಾ ಎಂದು ವಿಚಾರಿಸಿದ. ಆದರೂ ಒಂಬತ್ತು ದಿನ ಹಳೆಯ ಪತ್ರಿಕೆಗಳ ಮೇಲೆ ಉಂಗುರ ಹೊಡೆದು ಅಭ್ಯಾಸ ಮಾಡಿದ. ಇಟಲಿಯವರು ಹೇಗೆ ಹೊಡೆಯುತ್ತಿದ್ದರು ಎಂದು ಕೇಳಿದ. ಕೈಯಲ್ಲೇ ಎಂದೆ.

“ಹಾಗಾದರೆ ಅವರೂ ನಮ್ಮ ಬಸ್ಸಿನವರ ಹಾಗೆಯೇ” ಎಂದು ಕೆಲಸಕ್ಕೆ ಕುಳಿತ.

ಮುನ್ನೂರಕ್ಕೂ ಹೆಚ್ಚು ಉಂಗುರಗಳನ್ನು ಹದಿನೇಳು ದಿನಗಳಲ್ಲಿ ಮುಗಿಸಿದ. ನನ್ನ ಮೇಜಿನ ಮೇಲೆ ಅಂಥ ಕೆಲಸ ಅದಕ್ಕೂ ಮೊದಲು ಆಗಿರಲಿಲ್ಲ.

ಉದ್ಘಾಟನೆಗೆ ಹನ್ನೆರಡು ದಿನ ಇರುವಾಗ ಸಂಗ್ರಹಾಲಯದ ಸಲಹೆಗಾರ ನನ್ನ ವರ್ಕ್‌ಶಾಪಿಗೆ ಬಂದ. ಬೆಂಗಳೂರಿನ ಮನುಷ್ಯ. ಮೇ ತಿಂಗಳ ಸೆಕೆಯಲ್ಲಿ ಬ್ಲೇಜರ್ ತೊಟ್ಟಿದ್ದ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಪದವಿಗಳು ಎಷ್ಟಿದ್ದವೆಂದರೆ ಫೋನ್ ನಂಬರಿಗೆ ಕಾರ್ಡಿನ ಹಿಂಬದಿಗೆ ಹೋಗಬೇಕಿತ್ತು. ಸಂಗ್ರಹಾಲಯದ ಜೀಪಿನ ಪಕ್ಕ ಅವನು ಬರೆಸಿದ್ದ ವಿವರಣೆಯಲ್ಲಿ ಎರಡು ತಪ್ಪುಗಳಿದ್ದುದನ್ನು ಮೊದಲೇ ನೋಡಿದ್ದೆ. ವಾಸಣ್ಣನ ನಮಸ್ಕಾರಕ್ಕೆ ಅವನು ಉತ್ತರ ಕೊಡಲಿಲ್ಲ. ಲೇಬರಿಗೆ ಸ್ವಲ್ಪ ಹೊರಗೆ ಇರಲು ಹೇಳಿ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದ. ನಂತರ ಜೇಬಿನಿಂದ ಟೇಪು ತೆಗೆದು ಎಡ ರೆಕ್ಕೆ ಅಳೆದ, ಬಲ ರೆಕ್ಕೆ ಅಳೆದ, ಕಳ್ಳನನ್ನು ಹಿಡಿದವನಂತೆ ನನ್ನ ಮುಖ ನೋಡಿದ.

“ಯಾವ ಇಂಜಿನಿಯರ್ ಒಂದು ರೆಕ್ಕೆ ಉದ್ದ, ಒಂದು ರೆಕ್ಕೆ ಗಿಡ್ಡ ಮಾಡ್ತಾನೆ? ಹಕ್ಕಿ ನೋಡಿದ್ದೀರಾ ನೀವು?”

ನಾನು ಟಾರ್ಕ್ ವಿವರಿಸಿದೆ. ನಕ್ಷೆ ತೋರಿಸಿದೆ. ಇಂಟರ್ನೆಟ್ಟಿನಲ್ಲಿ ಯಾರು ಏನು ಬೇಕಾದರೂ ಹಾಕುತ್ತಾರೆ ಎಂದು ಅವನು ನಕ್ಷೆಯನ್ನು ತಿರುಗಿಯೂ ನೋಡದೆ ಪಕ್ಕಕ್ಕೆ ಸರಿಸಿದ. ಉದ್ಘಾಟನೆಯೊಳಗೆ ಎರಡೂ ರೆಕ್ಕೆಗಳು ಸಮವಾಗಬೇಕು, ಇಲ್ಲದಿದ್ದರೆ ಸಂಗ್ರಹಾಲಯಕ್ಕೆ ಇನ್ನೂ ಬೇಕಿರುವ ಮುಂದಿನ ಆರು ವಿಮಾನಗಳ ಕೆಲಸಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದ. ನಾನು ಇನ್ನೊಂದು ಮಾತು ಆಡಬಹುದಿತ್ತು. ಕಾಪುವಿನಲ್ಲಿದ್ದ ಶೆಟ್ಟರಿಗೆ ಫೋನ್ ಮಾಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ಇಂಥ ಮೂರ್ಖನ ಜೊತೆ ವಾದಕ್ಕಿಳಿಯುವುದು ನನ್ನ ಯೋಗ್ಯತೆಗೆ ಕಡಿಮೆ ಎನಿಸಿತು. ಒಳಗೊಳಗೇ ನಕ್ಕು, ಆಗಲಿ ಸರ್ ಎಂದೆ.

ಮರುದಿನ ಬೆಳಿಗ್ಗೆ ಸಣ್ಣ ಹಲ್ಲಿನ ಗರಗಸದಿಂದ ಎಡ ರೆಕ್ಕೆಯ ತುದಿಯ ಹತ್ತಿರ ಎರಡು ಸೆಂಟಿಮೀಟರಿನ ಒಂದು ಹೋಳನ್ನು ಕತ್ತರಿಸಿ ತೆಗೆದು, ತುದಿಯನ್ನು ಮತ್ತೆ ಅಂಟಿಸಿದೆ. ಸಂದುಗಳಿಗೆ ಪುಟ್ಟಿ ತುಂಬಿ ಉಜ್ಜಿದೆ. ಒಂಬತ್ತು ಗಂಟೆಗೆ ವಾಸಣ್ಣ ಬಂದ. ಅರ್ಧಕ್ಕೆ ತುಂಡಾದ ತನ್ನ ಉಂಗುರಗಳ ಮೇಲೆ ಬೆರಳಾಡಿಸಿದ. ನಾನು ಸಲಹೆಗಾರನ ಬ್ಲೇಜರಿನ ಬಗ್ಗೆ, ಅವನ ಟೇಪಿನ ಬಗ್ಗೆ ಹೇಳಿ ನಗಿಸಲು ನೋಡಿದೆ. ಅವನು ನಗಲಿಲ್ಲ.

“ಪೊರ್ಬುಗಳೇ” ಎಂದ. ನಮ್ಮ ಕಡೆ ತುಳುವರು ಕ್ರೈಸ್ತರನ್ನು ಗೌರವದಿಂದ ಕರೆಯುವುದು ಹಾಗೆ. “ಉದ್ದ ಇದ್ದದ್ದೇ ಸರಿ ಅಂತ ನಿಮಗೆ ಗೊತ್ತುಂಟಲ್ಲ? ಮತ್ತೆ ಕತ್ತರಿಸಿದ್ದು ಎಂತಕ್ಕೆ?”

ಅವನಿಗೆ ಹೇಳಿದರೂ ಅರ್ಥವಾಗುವುದಿಲ್ಲ ವಾಸಣ್ಣ, ಅಂಥವರ ಹತ್ತಿರ ಮಾತಾಡಿ ಪ್ರಯೋಜನವಿಲ್ಲ ಎಂದೆ. ವಾಸಣ್ಣ ತನ್ನ ಬ್ರಷ್ಷುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಸುಳ್ಳಿನ ಮೇಲೆ ಬಣ್ಣ ಹಾಕಲು ನನಗೆ ಬರುವುದಿಲ್ಲ ಎಂದಷ್ಟೇ ಹೇಳಿ, ಅಜೆಕಾರಿನ ಬಸ್ಸು ಹಿಡಿಯಲು ಹೋದ. ಪುಟ್ಟಿಯ ಮೇಲಿನ ಉಂಗುರಗಳನ್ನು ನಾನೇ ಹೊಡೆದೆ. ಅವು ಉಂಗುರದಂತೆ ಕಾಣಲಿಲ್ಲ, ಬೂಷ್ಟು ಹಿಡಿದ ಹಾಗೆ ಕಂಡವು.

ಉದ್ಘಾಟನೆಯ ದಿನ ಸಲಹೆಗಾರ ನಲವತ್ತು ನಿಮಿಷ ಭಾಷಣ ಮಾಡಿದ. ಕೊನೆಯ ಗಳಿಗೆಯಲ್ಲಿ ಒಂದು ದೊಡ್ಡ ದೋಷವನ್ನು ತಾನು ಪತ್ತೆಹಚ್ಚಿ ಸರಿಪಡಿಸಿದ್ದನ್ನೂ ಹೇಳಿಕೊಂಡ. ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಅವನ ಒಂದೊಂದು ವಾಕ್ಯದ ತಪ್ಪನ್ನೂ ಲೆಕ್ಕ ಹಾಕುತ್ತಿದ್ದೆ. ಅದು ನನಗೆ ಬಹಳ ಹಿತವಾಗಿತ್ತೆಂದು ಒಪ್ಪಿಕೊಳ್ಳಬೇಕು.

ಏಳು ವಾರಗಳ ನಂತರ ಇಂಜಿನಿಯರಿಂಗ್ ಕಾಲೇಜಿನ ಒಬ್ಬ ಅಧ್ಯಾಪಕಿ ಮನೆಯವರೊಂದಿಗೆ ಸಂಗ್ರಹಾಲಯ ನೋಡಲು ಬಂದರು. ಏರೋನಾಟಿಕಲ್ ವಿಭಾಗದವರು. ಫೋಲ್ಗೊರೆಯ ಮುಂದೆ ನಿಂತು, ಇದರ ಎಡ ರೆಕ್ಕೆ ಉದ್ದ ಇರಬೇಕಿತ್ತಲ್ಲ, ನಾವು ತರಗತಿಯಲ್ಲಿ ಇದೇ ವಿಮಾನದ ಉದಾಹರಣೆ ಕೊಡುತ್ತೇವೆ ಎಂದು ಶೆಟ್ಟರಿಗೆ ಹೇಳಿದರಂತೆ. ಶೆಟ್ಟರು ಸಲಹೆಗಾರನಿಗೆ ಫೋನ್ ಮಾಡಿದರು. ಊರಿನ ಕೆಲಸಗಾರರ ಮಟ್ಟವೇ ಅಷ್ಟು, ನಾನು ಎಷ್ಟನ್ನು ತಿದ್ದಲಿ ಎಂದು ಅವನು ಉತ್ತರಿಸಿದನಂತೆ.

ಶೆಟ್ಟರು ನನ್ನನ್ನು ಕರೆಸಿದರು. ನಾನು ಹುರುಪಿನಿಂದಲೇ ಹೋದೆ. ಇಷ್ಟು ದಿನ ಒಳಗಿಟ್ಟುಕೊಂಡಿದ್ದನ್ನೆಲ್ಲ ಕಕ್ಕುವ ಅವಕಾಶ ಸಿಕ್ಕಿತ್ತು. ಆ ಮನುಷ್ಯನಿಗೆ ವಿಮಾನಕ್ಕೂ ಹಕ್ಕಿಗೂ ವ್ಯತ್ಯಾಸ ತಿಳಿಯದು ಎಂದೆ. ಜೀಪಿನ ಪಕ್ಕದ ವಿವರಣೆಯ ತಪ್ಪುಗಳನ್ನು ಎತ್ತಿ ತೋರಿಸಿದೆ. ನಾನು ಮೊದಲು ಸರಿಯಾಗಿಯೇ ಮಾಡಿದ್ದೆ, ಅವನ ಮಾತಿಗೆ ಕತ್ತರಿಸಬೇಕಾಯಿತು ಎಂದೆ. ಶೆಟ್ಟರು ಎಲ್ಲವನ್ನೂ ಕೇಳಿಸಿಕೊಂಡರು.

“ಅವರಿಗೆ ಗೊತ್ತಿರಲಿಲ್ಲ ವಿನ್ಸೆಂಟರೇ. ನಿಮಗೆ ಗೊತ್ತಿತ್ತು” ಎಂದರು. “ಮತ್ತೆ ನಾನು ಯಾರಿಗೆ ಬೈಯಬೇಕು?”

ಅವರು ವಿಮಾನದ ಕಡೆ ನೋಡಿದರು.

“ಅಜ್ಜನನ್ನು ಕೊಲ್ಲಲು ಬಂದ ವಿಮಾನ ಅದು. ಚೆಂದ ಕಾಣಬೇಕು ಅಂತ ನಾನು ಕೇಳಲಿಲ್ಲ. ಇದ್ದ ಹಾಗೆ ಬೇಕು ಅಂತ ಕೇಳಿದ್ದು. ನನಗೆ ಒಂದು ಫೋನ್ ಮಾಡಲಿಕ್ಕೆ ಎಂತ ಕಷ್ಟ ಇತ್ತು ನಿಮಗೆ?”

ದುಡ್ಡಿದ್ದವರ ಹುಚ್ಚು ಎಂದು ನಾನು ಬದಿಗೆ ಸರಿಸಿದ್ದ ಮನುಷ್ಯ ಇವರೇ. ಇಪ್ಪತ್ತು ವರ್ಷ ಸಮವಸ್ತ್ರದಲ್ಲಿ ಎಷ್ಟೋ ಅಧಿಕಾರಿಗಳಿಂದ ಬೈಸಿಕೊಂಡಿದ್ದೇನೆ. ಮುಖ ಎತ್ತಲಾಗದೆ ನಿಂತದ್ದು ಅಂದು ಮಾತ್ರ.

ಹೊಸ ಎಡ ರೆಕ್ಕೆ ಮಾಡಿಕೊಡುತ್ತೇನೆ ಎಂದು ಹೇಳಿ ವಿಮಾನವನ್ನು ಮಣಿಪಾಲಕ್ಕೆ ತಂದೆ. ಹಳೆಯ ರೆಕ್ಕೆಯನ್ನು ಬುಡದಿಂದಲೇ ಬಿಚ್ಚಿ, ಪ್ಲೈವುಡ್ಡಿನ ಮೊದಲ ತುಂಡಿನಿಂದ ಮತ್ತೆ ಶುರುಮಾಡಿದೆ. ಆರು ವಾರ ಹಿಡಿಯಿತು. ನಂತರ ಅಜೆಕಾರಿಗೆ ಹೋದೆ. ವಾಸಣ್ಣ ಅಂಗಳದಲ್ಲಿ ಶಾಲೆಯೊಂದರ ನಾಮಫಲಕಕ್ಕೆ ಬಣ್ಣ ಹಾಕುತ್ತಿದ್ದ. ನಾನು ತಪ್ಪು ಮಾಡಿದೆ, ಗೊತ್ತಿದ್ದೂ ಮಾಡಿದೆ ಎಂದೆ. ಈ ಸಲ ಸಲಹೆಗಾರನ ಹೆಸರೆತ್ತಲಿಲ್ಲ. ವಾಸಣ್ಣ ಹಿಡಿದಿದ್ದ ಅಕ್ಷರ ಮುಗಿಸಿ ಬ್ರಷ್ ತೊಳೆದ. ಅವನ ಹೆಂಡತಿ ಕುಡಿಯಲು ಮಜ್ಜಿಗೆ ತಂದುಕೊಟ್ಟರು.

“ಇನ್ನು ಯಾರಾದರೂ ಕತ್ತರಿಸಲಿಕ್ಕೆ ಹೇಳಿದರೆ ನನ್ನನ್ನು ಕರೆಯಿರಿ” ಎಂದ. “ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಬೇಡ ಅಂತ ಹೇಳಲಿಕ್ಕೆ ಇಂಗ್ಲಿಷ್ ಬೇಡ ಅಲ್ವಾ?”

ಮರುದಿನವೇ ಬಂದ. ಹೊಸ ರೆಕ್ಕೆಯ ಉಂಗುರಗಳನ್ನು ಐದು ದಿನಗಳಲ್ಲಿ ಮುಗಿಸಿದ. ಈಗ ಫೋಲ್ಗೊರೆ ಕಾಪುವಿನಲ್ಲಿ ಇರಬೇಕಾದ ಹಾಗೆ ಇದೆ. ಅದರ ಫಲಕದ ಮೇಲೆ ನನ್ನ ಹೆಸರಿಗಿಂತ ಮೊದಲು ವಾಸಣ್ಣನ ಹೆಸರು ಬರಬೇಕೆಂದು ಕೇಳಿದೆ, ಶೆಟ್ಟರು ಹಾಗೆಯೇ ಬರೆಸಿದರು. ಮುಂದಿನ ಆರು ವಿಮಾನಗಳ ಕೆಲಸ ನನಗೆ ಸಿಗಲಿಲ್ಲ. ಸಿಗಬೇಕೆಂದು ಕೇಳುವ ಮುಖವೂ ಇರಲಿಲ್ಲ.

ಸಲಹೆಗಾರನಿಗೆ ಏನೂ ಆಗಲಿಲ್ಲ. ಅಂಥವರಿಗೆ ಏನೂ ಆಗುವುದಿಲ್ಲ. ಈಗ ಬೇರೆ ಬೇರೆ ಊರುಗಳಲ್ಲಿ ಭಾಷಣ ಮಾಡುವಾಗ, ಎಡ ರೆಕ್ಕೆ ಉದ್ದವಿರುವ ಇಟಾಲಿಯನ್ ವಿಮಾನದ ಬಗ್ಗೆ ತಾನೇ ಕಂಡುಹಿಡಿದವನಂತೆ ಹೇಳುತ್ತಾನೆಂದು ಕೇಳಿದ್ದೇನೆ. ಅವನ ಮೇಲಿನ ನನ್ನ ತಿರಸ್ಕಾರ ಕಡಿಮೆಯಾಗಿಲ್ಲ, ಆಗಬೇಕೆಂದೂ ನಾನು ಬಯಸುವುದಿಲ್ಲ. ಆದರೆ ಆ ತಿರಸ್ಕಾರ ನನಗೆ ಮಾಡಿದ್ದೇನೆಂದು ಈಗ ಗೊತ್ತಾಗಿದೆ. ಮನಸ್ಸಿನಲ್ಲಿ ಅವನನ್ನು ಹೀಗಳೆದು ಮುಗಿಸಿದ್ದರಿಂದ ಎದುರುನಿಂತು ಹೇಳುವ ಕೆಲಸವೂ ಮುಗಿಯಿತೆಂದು ನಾನು ನಂಬಿದೆ. ಅವನಿಗಿಂತ ನಾನು ಮೇಲು ಎಂದುಕೊಳ್ಳುತ್ತಲೇ ಅವನು ಹೇಳಿದ ಗೆರೆಯ ಮೇಲೆ ಗರಗಸ ಆಡಿಸಿದೆ. ಗೊತ್ತಿದ್ದವನು ಬಾಯಿ ಮುಚ್ಚಿಕೊಂಡರೆ, ಮೇಜಿನ ಮೇಲಿರುವ ವಸ್ತುವಿನ ಮಟ್ಟಿಗೆ ಅವನಿಗೂ ಏನೂ ಗೊತ್ತಿಲ್ಲದವನಿಗೂ ವ್ಯತ್ಯಾಸವಿಲ್ಲ.