ಅವ್ವ ತಿದ್ದಿದ ಕೊಂಡಿಗಳು

ವಿದ್ಯಾರ್ಥಿ ವಿನಿಮಯ ಎಂಬ ಮಾತನ್ನು ವೇದಿಕೆಯ ಮೇಲೆ ಯಾರಾದರೂ ಬಾಯಿ ತುಂಬ ಹೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹಾರ, ಶಾಲು, ಮೇಜಿನ ಮೇಲೆ ಎರಡು ದೇಶಗಳ ಪುಟ್ಟ ಬಾವುಟ, ಹಿಂದೆ ಬ್ಯಾನರು. ನಾನು ಅದರ ಒಳಹೊಕ್ಕು ಬಂದವಳು. ಹೊರಬರುವಾಗ ನನ್ನ ಕೈಯಲ್ಲಿದ್ದದ್ದು ಒಂದು ಪ್ರಮಾಣಪತ್ರ. ಅದನ್ನು ಅವ್ವನ ಟ್ರಂಕಿನ ತಳಕ್ಕೆ ಹಾಸಿ ಮೇಲೆ ಹಳೆಯ ಚಾದರ ಹೇರಿಟ್ಟೆ.

ಈ ಶತಮಾನ ಶುರುವಾಗಿ ಆಗ ಕೆಲವೇ ವರ್ಷ. ಇಳಕಲ್ಲಿನ ನೇಕಾರರ ಮನೆಯ ನಾನು ಬಾಗಲಕೋಟೆಯ ನವನಗರದ ಕಾಲೇಜೊಂದರಲ್ಲಿ ಜವಳಿ ಡಿಪ್ಲೊಮಾ ಓದುತ್ತಿದ್ದೆ. ಸ್ವೀಡನ್ನಿನ ನೇಯ್ಗೆ ಶಾಲೆಯೊಂದು ನಮ್ಮ ಕಾಲೇಜಿನ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದ ಆರು ಜನ ಬಂದು, ನಮ್ಮಲ್ಲಿ ಆರು ಜನರ ಮನೆಗಳಲ್ಲಿ ಮೂರು ವಾರ ಇದ್ದು ಕೆಲಸ ಕಲಿಯುವುದು. ಕೊನೆಗೆ ನಮ್ಮ ಆರರಲ್ಲಿ ಒಬ್ಬರನ್ನು ಅವರು ತಮ್ಮ ಶಾಲೆಗೆ ಒಂದು ವರ್ಷ ಕರೆಸಿಕೊಳ್ಳುವುದು. ಆ ಒಂದು ಜಾಗ ನನಗೆ ಬೇಕಾಗಿತ್ತು. ಅವರ ಶಾಲೆಯ ಪುಸ್ತಿಕೆಯಲ್ಲಿದ್ದ ಮಗ್ಗಗಳ ಚಿತ್ರವನ್ನು ಎಷ್ಟು ಸಲ ಬಿಚ್ಚಿ ನೋಡಿದ್ದೆನೆಂದರೆ ಆ ಹಾಳೆ ಮಡಿಕೆಯಲ್ಲೇ ಹರಿದಿತ್ತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಅಪ್ಪನ ಸೊಂಟ ಹೋದದ್ದನ್ನು ಕಂಡವಳು ನಾನು. ಆ ಕುಣಿಯಿಂದ ಎದ್ದು ನಿಂತು ಬೇರೆ ನೇಯ್ಗೆ ಕಲಿಯಬೇಕಿತ್ತು.

ಇದರ ಉಸ್ತುವಾರಿ ಹೊತ್ತ ಉಪನ್ಯಾಸಕರು ಮೈಸೂರಿನ ಕಡೆಯವರು. ಇಸ್ತ್ರಿ ಮಾಡಿದ ಕನ್ನಡ, ಇಸ್ತ್ರಿ ಮಾಡಿದ ಅಂಗಿ. ನಮ್ಮ ಆರು ಜನರನ್ನು ಸಾಲಾಗಿ ನಿಲ್ಲಿಸಿ, "ನೋಡಿ, ಅತಿಥಿಗಳಿಗೆ ಒಂದಿಷ್ಟೂ ತೊಂದರೆಯಾಗಬಾರದು. ಅವರು ಸಂತೋಷವಾಗಿ ಹೋದರೆ ನಿಮ್ಮಲ್ಲೊಬ್ಬರಿಗೆ ಅವಕಾಶ ಸಿಕ್ಕಿತು ಅಂತಲೇ ತಿಳಿದುಕೊಳ್ಳಿ" ಎಂದರು. ಸ್ವೀಡನ್ನಿನಿಂದ ಎರಡು ಪುಟದ ಕಾಗದ ಬಂದಿತ್ತು. ಮೊದಲ ಪುಟದ ವೇಳಾಪಟ್ಟಿಯನ್ನು ಅವರು ಓದಿ ಹೇಳಿದರು. ನಮ್ಮನ್ನು ಹೇಗೆ ಆರಿಸುತ್ತಾರೆ ಎಂಬುದು ಎರಡನೆಯ ಪುಟದಲ್ಲಿತ್ತು. ಅದನ್ನು ಮಹಾಶಯರು ತಿರುವಿಯೂ ನೋಡಿರಲಿಲ್ಲ. ತೋರಿಸಿ ಅಂತ ಕೇಳುವ ಧೈರ್ಯ ನನಗೂ ಇರಲಿಲ್ಲ.

ನನ್ನ ಪಾಲಿಗೆ ಬಂದವಳು ನನ್ನದೇ ವಯಸ್ಸಿನವಳು. ನಮ್ಮ ಮನೆಯ ಬಾಗಿಲಿಗೆ ಮೊದಲ ದಿನವೇ ಹಣೆ ತಾಗಿಸಿಕೊಂಡಷ್ಟು ಎತ್ತರ. ಅವಳು ಕಲಿಯಲು ಬಂದದ್ದು ಕೊಂಡಿ ಕೂಡಿಸುವುದನ್ನು. ಇಳಕಲ್ ಸೀರೆಯ ಮೈಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ, ಕುಣಿಕೆಯೊಳಗೆ ಕುಣಿಕೆ ಹಾಕಿ ಜೋಡಿಸುವುದೇ ಕೊಂಡಿ. ಒಂದು ಸಡಿಲಾದರೂ ಹಾಸು ಬಿಗಿದಾಗ ಜಾರಿ ಬಿಡುತ್ತದೆ. ನಮ್ಮ ಓಣಿಯಲ್ಲಿ ಈ ಕೆಲಸಕ್ಕೆ ಅವ್ವನದೇ ಕೈ ಎಂದು ಎಲ್ಲರೂ ಒಪ್ಪಿದ್ದರು.

ಆ ಹುಡುಗಿ ನಿಷ್ಠೆಯಿಂದ ಕೂತಳು, ನಿಷ್ಠೆಯಿಂದ ತಪ್ಪು ಮಾಡಿದಳು. ಹತ್ತು ಕೊಂಡಿಯಲ್ಲಿ ನಾಲ್ಕು ಸಡಿಲು. ಅವ್ವ ಹತ್ತಿರ ಹೋಗಿ ನೋಡಿ, ನಕ್ಕು, ಅವಳ ಬೆನ್ನು ಸವರಿದಳು.

"ಛಲೋ ಮಾಡೀ ನೋಡವಾ. ಏಳ ತಂಗಿ, ಉಣ್ಣ ನಡಿ, ಹೊತ್ತಾತು."

ಹುಡುಗಿ ನನ್ನ ಜೊತೆ ಒಳಗೆ ರೊಟ್ಟಿ ಮುರಿಯುತ್ತ ಕೂತಾಗ ಅವ್ವ ಮಗ್ಗದ ಹತ್ತಿರ ಕೂತು ಆ ಸಡಿಲು ಕೊಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಕೂಡಿಸಿದಳು. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಬೀಗರ ಮನೆಯ ಹೆಣ್ಣುಮಕ್ಕಳು ಬಂದು ಕೆಲಸಕ್ಕೆ ಕೈ ಹಾಕಿದರೆ, ಅವರು ಎದ್ದು ಹೋದ ಮೇಲೆ ತಿದ್ದುವುದು ನಮ್ಮ ಓಣಿಯ ರೀತಿ. ತಪ್ಪು ಅಂತ ಎದುರಿಗೆ ಹೇಳಿದರೆ ಬಂದವರನ್ನು ಮನೆಯಿಂದ ಹೊರಗೆ ಹಾಕಿದಂತೆಯೇ. ಊಟ ಮುಗಿಸಿ ಬಂದ ಹುಡುಗಿ ಹಾಸನ್ನು ಎಳೆದು ನೋಡಿದಳು. ಒಂದೂ ಜಾರಲಿಲ್ಲ. ಅವಳು ಕುಣಿದಾಡಿದಳು, ಅವ್ವನನ್ನು ತಬ್ಬಿಕೊಂಡಳು.

ಮೂರು ವಾರವೂ ಇದೇ ಆಟ. ನಾನು ಬಾಯಿ ಬಿಡಲಿಲ್ಲ. ಅತಿಥಿಗೆ ತೊಂದರೆಯಿಲ್ಲ, ಅತಿಥಿ ಸಂತೋಷವಾಗಿದ್ದಾಳೆ, ನನ್ನ ಜಾಗ ಗಟ್ಟಿಯಾಗುತ್ತಿದೆ ಅಂದುಕೊಂಡು ಒಳಗೊಳಗೇ ಹಿಗ್ಗಿದೆ. ನಡುವೆ ಒಂದು ದಿನ ಎಲ್ಲರನ್ನೂ ಬಾದಾಮಿಗೆ ಕರೆದೊಯ್ದರು. ಗುಹೆಗಳ ಮೆಟ್ಟಿಲು ಹತ್ತುವಾಗ ಅವರ ನೀರಿನ ಬಾಟಲಿಗಳನ್ನು ನಾವು ಆರು ಜನ ಹೊತ್ತೆವು, ಉಸ್ತುವಾರಿಯವರು ಅವರ ಫೋಟೋಗಳಲ್ಲಿ ನಡುವೆ ನಿಂತರು. ಸಹಕಾರ ಅಂದರೆ ಇದೇ ಇರಬೇಕೆಂದು ನಾನು ಅವಳ ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡೆ.

ಕೊನೆಯ ದಿನ ಕಾಲೇಜಿನಲ್ಲಿ ಪರೀಕ್ಷೆ ಎಂದಾಗಲೇ ನಮಗೆ ಎರಡನೆಯ ಪುಟ ಗೊತ್ತಾದದ್ದು. ಪರೀಕ್ಷೆ ನಮಗಲ್ಲ, ಬಂದವರಿಗೆ. ಮೂರು ವಾರದಲ್ಲಿ ಕಲಿತದ್ದನ್ನು ಅವರು ಯಾರ ಸಹಾಯವಿಲ್ಲದೆ ಮಾಡಿ ತೋರಿಸಬೇಕು. ಯಾರ ಅತಿಥಿ ಚೆನ್ನಾಗಿ ಕಲಿತಿದ್ದಾರೋ ಅವರಿಗೆ ಸ್ವೀಡನ್ನು.

ನನ್ನ ಹುಡುಗಿ ನಗುನಗುತ್ತ ಕೂತು ಒಂದು ಗೇಣಿನಷ್ಟು ಅಗಲ ಕೊಂಡಿ ಕೂಡಿಸಿದಳು. ಪರೀಕ್ಷೆಗೆಂದು ಸ್ವೀಡನ್ನಿನಿಂದ ಬಂದಿದ್ದ ಅವರ ಶಿಕ್ಷಕಿ, ಬೆಳ್ಳಿ ಕೂದಲಿನ ಹೆಂಗಸು, ಹಾಸನ್ನು ಹಿಡಿದು ಎಳೆದರು. ಪುಳಪುಳ ಎಂದು ಎಳೆಗಳು ಕಳಚಿಕೊಂಡವು. ಹುಡುಗಿ ಮತ್ತೆ ಕೂತಳು, ಮತ್ತೆ ಕಳಚಿದವು. ಆಮೇಲೆ ಅವಳು ನಮ್ಮ ಮನೆಯಿಂದ ತಂದಿದ್ದ ತನ್ನ ಮಾದರಿ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಇವು ನಾನು ಮಾಡಿದವಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತಾ?"

ನಾನು ಆ ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚತೊಡಗಿದೆ.

"ಮೂರು ವಾರ ನಾನು ಕಲಿತೆ ಅಂತ ಖುಷಿಪಟ್ಟೆ. ನೀನು ನೋಡುತ್ತಾ ಕೂತೆ."

ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಮ್ಮ ಮನೆಯ ಅನ್ನ ಉಂಡು, ನಮ್ಮವ್ವನ ಕೈ ಹಿಡಿದು, ಹತ್ತು ಜನರೆದುರು ನನ್ನನ್ನು ಕಳ್ಳಿ ಮಾಡಿದಳಲ್ಲ! ಅವಳು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಆ ಜಾಗ ಹುನಗುಂದದ ಒಬ್ಬ ಹುಡುಗನಿಗೆ ಹೋಯಿತು. ಅವನ ಅತಿಥಿ ಕಲಿತದ್ದು ಕಂಡಿಕೆ ಸುತ್ತುವುದನ್ನು, ಅಂದರೆ ಲಾಳಿಯೊಳಗಿನ ಕೊಳವೆಗೆ ನೂಲು ಸುತ್ತುವುದೊಂದನ್ನೇ. ಆದರೆ ಆತ ಸೋಮಾರಿ, ಅವಳಿಗೆ ಯಾವ ಸಹಾಯವನ್ನೂ ಮಾಡಿರಲಿಲ್ಲ, ಹಾಗಾಗಿ ಪಾಪ ಅವಳು ತಾನೇ ಕಲಿತಿದ್ದಳು. ಉಸ್ತುವಾರಿಯವರು ನನ್ನನ್ನು ಕಾರಿಡಾರಿಗೆ ಕರೆದು, "ಕಾಲೇಜಿನ ಮರ್ಯಾದೆ ಕಳೆದುಬಿಟ್ಟಿರಲ್ಲಮ್ಮ" ಎಂದರು. ಎರಡನೆಯ ಪುಟ ಅವರ ಕಂಕುಳಲ್ಲೇ ಇತ್ತು.

ಸಂಜೆಯ ಬಸ್ಸು ಕಮತಗಿ ದಾಟಿ ಹುನಗುಂದ ಮುಟ್ಟುವವರೆಗೂ ಯಾರನ್ನು ಬಯ್ಯಬೇಕೆಂದು ಹುಡುಕುತ್ತಿದ್ದೆ. ಉಸ್ತುವಾರಿಯವರನ್ನು ಬಯ್ಯುವ ತಾಕತ್ತಿರಲಿಲ್ಲ. ಹುಡುಗಿ ಬೆಂಗಳೂರಿನ ಗಾಡಿ ಹತ್ತಿ ಆಗಿತ್ತು. ನನ್ನನ್ನು ನಾನು ಬಯ್ದುಕೊಳ್ಳುವಷ್ಟು ಒಳ್ಳೆಯವಳು ನಾನಲ್ಲ. ಉಳಿದವಳು ಅವ್ವ.

ಹೊಸ್ತಿಲಲ್ಲೇ ಶುರು ಮಾಡಿದೆ. "ಯಾಂವ ಹೇಳಿದ್ದ ನಿನಗ ತಿದ್ದಂತ? ನನ್ನ ಜೀವನಾ ಹಾಳ ಮಾಡಿದಿ. ಬೆಂಕಿ ಹಚ್ಚು ಆ ನಿನ್ನ ಕೈಗೆ!"

ಅವ್ವ ಏನಾಯಿತೆಂದು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: "ಮನಿಗಿ ಬಂದ ಹುಡುಗಿ ಮಾಡಿದ್ದನ್ನ ಬಿಚ್ಚು ಅಂತ ಹೆಂಗ ಹೇಳಲೆವಾ? ಮಾರಿ ಸಣ್ಣದ ಮಾಡ್ಕೋತಿದ್ಲು."

"ಈಗ ನನ್ನ ಮಾರಿ ನೋಡು ಹಂಗಾರ" ಅಂದೆ.

ಅವಳು ನನ್ನ ಮುಖ ನೋಡಿದಳು.

ಆ ಹುಡುಗಿಗೆ ಕೊಡಲೆಂದು ಬೆಳಿಗ್ಗೆ ಅವ್ವ ನನ್ನ ಚೀಲದಲ್ಲಿ ಒಂದು ಗುಳೇದಗುಡ್ಡದ ಖಣ ಇಟ್ಟಿದ್ದಳು. ಹೆಣ್ಣುಮಗಳನ್ನು ಬರಿಗೈಲಿ ಕಳಿಸಬಾರದಂತೆ. ನಾನು ಅದನ್ನು ಕೊಟ್ಟಿರಲಿಲ್ಲ. ಮುಂದಿನ ವಾರ ನಾನೇ ಕುಪ್ಪಸ ಹೊಲಿಸಿಕೊಂಡು, ಅವ್ವನಿಗೆ ಕಾಣಲೆಂದೇ ತೊಟ್ಟು ತಿರುಗಿದೆ.

ಓದು ಮುಗಿಸಿ ಹುನಗುಂದದ ಒಂದು ತರಬೇತಿ ಕೇಂದ್ರದಲ್ಲಿ ಕೊಂಡಿ ಕಲಿಸುವವಳಾದೆ. ಸಡಿಲು ಕಂಡರೆ "ಬಿಚ್ಚು" ಅನ್ನುತ್ತೇನೆ, ಅತ್ತರೂ ಬಿಡುವುದಿಲ್ಲ. ಹುಡುಗಿಯರು ನನ್ನನ್ನು ಹಿಂದಿನಿಂದ ಏನೆಂದು ಕರೆಯುತ್ತಾರೆ ಎಂಬುದು ನನಗೆ ಗೊತ್ತಿದೆ, ಚಿಂತೆಯಿಲ್ಲ.

ಅವ್ವ ಆ ಸಂಜೆಯಿಂದ ಯಾರ ಕೊಂಡಿಯನ್ನೂ ತಿದ್ದಲಿಲ್ಲ. ತನ್ನದನ್ನು ತಾನು ಮಾಡುತ್ತಿದ್ದಳು, ಅಷ್ಟೇ. ಓಣಿಯವರು ಕೇಳಿಕೊಂಡು ಬಂದರೆ "ಕಣ್ಣು ಮೊದಲಿನಂಗ ಇಲ್ಲವಾ" ಎಂದು ಸಾಗಹಾಕುತ್ತಿದ್ದಳು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ.

ಒಂದು ದಸರೆಯ ರಜೆಯಲ್ಲಿ ನನಗೇ ಒಂದು ಸೀರೆ ಮಾಡಿಕೊಳ್ಳೋಣವೆಂದು ಮನೆಯಲ್ಲಿ ಕೊಂಡಿ ಕೂಡಿಸುತ್ತಿದ್ದೆ. ಅವ್ವ ಪಕ್ಕದಲ್ಲಿ ಕಂಡಿಕೆ ಸುತ್ತುತ್ತ ಕೂತಿದ್ದಳು. ನಡುವೆ ಒಂದು ಕೊಂಡಿಯನ್ನು ಬೇಕೆಂದೇ ಸಡಿಲು ಬಿಟ್ಟೆ. ಅವಳ ಕಣ್ಣಿಗೆ ಬೀಳುವ ಹಾಗೆ ಬಿಟ್ಟು, ಉಣ್ಣುತ್ತೇನೆಂದು ಎದ್ದು ಒಳಗೆ ಹೋದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಂಡೆ. ಬಾಗಿಲ ಸಂದಿಯಿಂದ ನೋಡಲಿಲ್ಲ.

ಬಂದು ನೋಡಿದರೆ ಅದು ಹಾಗೇ ಇತ್ತು. ಅವ್ವ ಕಂಡಿಕೆಯಿಂದ ತಲೆ ಎತ್ತಲಿಲ್ಲ.

"ನಡುವ ಒಂದು ಸಡ್ಲ ಐತಿ" ಅಂದಳು. "ಬಿಚ್ಚು."

ನಾನು ಕೂತು ಬಿಚ್ಚಿದೆ.