ಸುಮಿ ಪ್ರಶ್ನೆ ಕೇಳದ ಚಳಿಗಾಲ

ಬನಾರಸಿನ ನಮ್ಮ ಗಲ್ಲಿಯಲ್ಲಿ ಇನ್ನೂ ಕಲ್ಲಿದ್ದಲ ಒಲೆಗಳು ಉರಿಯುತ್ತಿದ್ದ ಕಾಲ. ಚಳಿಗಾಲದ ಬೆಳಿಗ್ಗೆ ಬಾಗಿಲು ತೆರೆದರೆ ಮೊದಲು ಹೊಗೆ ಒಳಗೆ ಬರುತ್ತಿತ್ತು, ಆಮೇಲೆ ಮಂಜು, ಅದರ ಹಿಂದೆ ದಪ್ಪ ಮೀಸೆಯ ಹಾಲಿನವನು. ಅಮ್ಮ ಹಸಿ ಬಟಾಣಿ ಬಿಡಿಸುತ್ತಾ ಕೂತಿರುತ್ತಿದ್ದಳು. ಇಲ್ಲಿಯವರಂತೆ ಅವಲಕ್ಕಿಗೆ ಬಟಾಣಿ ಹಾಕಿ ತುಪ್ಪದಲ್ಲಿ ಹುರಿಯುವುದನ್ನು ಕಲಿತಿದ್ದಳು, ಆದರೆ ಕೊನೆಗೆ ಒಂದು ಚಮಚ ಮೆಂತ್ಯದ ಹಿಟ್ಟು ಉದುರಿಸದೆ ಬಿಡುತ್ತಿರಲಿಲ್ಲ. ಅದು ಧಾರವಾಡದ ರುಚಿ ಎನ್ನುತ್ತಿದ್ದಳು. ಧಾರವಾಡವನ್ನು ನಾವು ಅಕ್ಕತಂಗಿಯರಿಬ್ಬರೂ ಆಗ ನೋಡಿರಲಿಲ್ಲ.

ನನಗೆ ಹತ್ತು ವರ್ಷ, ತಂಗಿ ಸುಮಿಗೆ ಏಳು. ಅಪ್ಪ ಪುರೋಹಿತರು. ಕರ್ನಾಟಕದಿಂದ ಕಾಶಿಗೆ ಬರುವವರು ನಮ್ಮ ಮನೆಯ ಮಹಡಿಯಲ್ಲೇ ಇಳಿದುಕೊಳ್ಳುತ್ತಿದ್ದರು. ಘಾಟಿನಲ್ಲಿ ಅಪ್ಪ ಅವರ ಹಿರಿಯರ ಕಾರ್ಯ ಮಾಡಿಸುತ್ತಿದ್ದರು, ಮನೆಯಲ್ಲಿ ಅಮ್ಮ ಅಡುಗೆ ಮಾಡಿ ಬಡಿಸುತ್ತಿದ್ದಳು. ಬಾಗಿಲ ಒಳಗೆ ಕನ್ನಡ, ಹೊಸಲು ದಾಟಿದರೆ ಹಿಂದಿ. ನನಗೆ ಇದು ಸಹಜವಾಗಿತ್ತು. ಸುಮಿಗೆ ಆಗಿರಲಿಲ್ಲ. ಅವಳು ದಿನಾ ಆ ಹೊಸಲಿನ ಮೇಲೆ ಎಡವುತ್ತಿದ್ದಳು, ಎಡವಿದಾಗೆಲ್ಲ ಒಂದು ಪ್ರಶ್ನೆ ಕೇಳುತ್ತಿದ್ದಳು.

ಹಿಂದಿಯಲ್ಲಿ ಮೀಸೆ ಯಾಕೆ ಹೆಣ್ಣು? ಪೊಲೀಸ್ ಯಾಕೆ ಹೆಣ್ಣು? ಅಮ್ಮನ ಬ್ಲೌಸು ಹೇಗೆ ಗಂಡಾಯಿತು? ಮೊಸರು ಶಾಲೆಯಲ್ಲಿ ಗಂಡು, ಗಲ್ಲಿಯ ಅಂಗಡಿಯಲ್ಲಿ ಹೆಣ್ಣು, ದಾರಿಯಲ್ಲಿ ಅದಕ್ಕೇನಾಗುತ್ತದೆ? ಈ ಮೊಸರಿನ ವಿಷಯದಲ್ಲಿ ಅವಳಿಗೆ ನಿಜವಾದ ನೋವಿತ್ತು. ಅಂಗಡಿಯವನು ಹೇಳುವಂತೆಯೇ ಬರೆದದ್ದಕ್ಕೆ ಟೀಚರು ಅಂಕ ಕಳೆದಿದ್ದರು. ಕನ್ನಡವನ್ನೂ ಅವಳು ಬಿಡುತ್ತಿರಲಿಲ್ಲ. ಗಡಿಯಾರ ನಿಂತಿದೆ ಎಂದರೆ, ಇಷ್ಟು ದಿನ ಕೂತಿತ್ತೇ ಎನ್ನುತ್ತಿದ್ದಳು. ಊರಿನ ಲಂಕಾ ಎಂಬ ಪೇಟೆಗೆ ಆಟೋದಲ್ಲಿ ಹೋಗುವಾಗ ಅಪ್ಪ “ಲಂಕಾ ಬಂತು” ಎಂದರೆ, ಬಂದದ್ದು ನಾವೋ ಲಂಕಾವೋ ಎಂದು ಇಳಿಯುವವರೆಗೂ ವಾದಿಸುತ್ತಿದ್ದಳು. ಮಲೈಯೋ ಎಂದು ಚಳಿಗಾಲದಲ್ಲಿ ಮಾತ್ರ ಸಿಗುವ ಹಾಲಿನ ನೊರೆಯ ಸಿಹಿಯೊಂದಿದೆ, ಕೇಸರಿ ಬಣ್ಣದ್ದು, ಬಾಯಿಗಿಟ್ಟರೆ ಇಲ್ಲವಾಗುತ್ತದೆ. ಅದನ್ನು ತಿನ್ನುವುದೋ ಕುಡಿಯುವುದೋ ಎಂದು ತೀರ್ಮಾನವಾಗದೆ ಕೈಯಲ್ಲಿ ಹಿಡಿದೇ ನಿಂತಿದ್ದಳು, ಮಣ್ಣಿನ ಬಟ್ಟಲಿನ ತಳದಲ್ಲಿ ಅದು ನೀರಾಯಿತು.

ತಲೆ ತಿನ್ನಬೇಡ ಎಂದು ಅಮ್ಮ ಗದರಿಸಿದರೆ, ನಾವು ಅಂಥದ್ದೆಲ್ಲ ತಿನ್ನುವ ಜನ ಅಲ್ಲವಲ್ಲ ಎನ್ನುತ್ತಿದ್ದಳು. ಅಪ್ಪನಿಗೆ ಒಳಗೊಳಗೇ ಹೆಮ್ಮೆಯಿತ್ತು ಎಂದು ನನಗೀಗ ಅನಿಸುತ್ತದೆ. ಆಗ ನನಗೆ ಬರೀ ರೇಜಿಗೆಯಾಗುತ್ತಿತ್ತು. ನಾವಿಬ್ಬರೂ ಒಂದೇ ರಜಾಯಿಯಲ್ಲಿ ಮಲಗುತ್ತಿದ್ದೆವು.

ಆ ವರ್ಷ ಸಂಕ್ರಾಂತಿಗೆ ಮೊದಲು ಗದಗಿನಿಂದ ರುಕ್ಮಾಬಾಯಿ ಎಂಬ ಹಿರಿಯರು ಬಂದರು. ಜೊತೆಗೆ ಮಗ ವಸಂತರಾಯರು. ಅವರು ಹೈಸ್ಕೂಲಿನಲ್ಲಿ ಮಾಸ್ತರರು. ಹಿಂದಿನ ವರ್ಷ ತೀರಿಕೊಂಡಿದ್ದ ತಂದೆಯ ಕಾರ್ಯ ಮಾಡಿಸಲು ತಾಯಿಯನ್ನು ಕರೆತಂದಿದ್ದರು. ರುಕ್ಮಾಬಾಯಿ ಹೆಚ್ಚು ಮಾತಾಡುತ್ತಿರಲಿಲ್ಲ. ಬಂದ ದಿನ ಅಮ್ಮ ಪ್ರಯಾಣ ಹೇಗಾಯಿತೆಂದು ವಿಚಾರಿಸಿದಾಗ, “ನಾವು ಕಿಟಕಿ ಕಡೆ ಕೂತಿದ್ವಿ, ಥಂಡಿ ಭಾಳ ಇತ್ತು” ಎಂದರು. ಮಗ ಮೆತ್ತಗೆ, “ನಾವು ಅಲ್ಲವ್ವಾ, ನಾನು ಅನ್ನು” ಎಂದರು. ಮಗ ಕೂತದ್ದು ಬೇರೆ ಡಬ್ಬಿಯಲ್ಲಂತೆ, ಟಿಕೆಟ್ ಹಾಗೆ ಸಿಕ್ಕಿತ್ತು. ಊಟಕ್ಕೆ ಕೂತಾಗಲೂ ಹಾಗೆಯೇ ಆಯಿತು. ರುಕ್ಮಾಬಾಯಿ ನಮಗೆ ಸಾಕು ಎಂದರು, ಮಗ ತಿದ್ದಿದರು. ಆಮೇಲೆ ಅವರು ಮಾತಿನ ಬದಲು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯತೊಡಗಿದರು.

ತಂದೆ ಹೋದ ಮೇಲೆ ಅವ್ವನಿಗೆ ಹೀಗಾಗಿದೆ, ಹೋದವರು ಪಕ್ಕದಲ್ಲೇ ಇದ್ದಂತೆ ಮಾತಾಡುತ್ತಾಳೆ, ಡಾಕ್ಟರಿಗೂ ತೋರಿಸಿದ್ದೇವೆ, ತಿದ್ದುತ್ತಾ ಇದ್ದರೆ ಸರಿಹೋದೀತು ಎಂದು ವಸಂತರಾಯರು ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಅವರು ಕೆಟ್ಟವರಲ್ಲ. ತಾಯಿಯ ಕಾಲಿಗೆ ದಿನಾ ಸಾಸಿವೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಹೆದರಿದ್ದರು, ಅಷ್ಟೆ.

ಮರುದಿನ ಘಾಟಿನಲ್ಲಿ ಕಾರ್ಯ ಮುಗಿಯಿತು. ಕಾಶಿಗೆ ಬಂದವರು ತಮಗೆ ಇಷ್ಟವಾದ ಏನನ್ನಾದರೂ ಗಂಗೆಯ ಎದುರು ಬಿಟ್ಟು ಹೋಗುವುದು ವಾಡಿಕೆ. ಬಿಟ್ಟದ್ದನ್ನು ಆಮೇಲೆ ಜೀವವಿರುವತನಕ ತಿನ್ನುವಂತಿಲ್ಲ. ಇದರಲ್ಲಿ ಜನ ಮಾಡುವ ಜಾಣತನ ನಮಗೆಲ್ಲ ಗೊತ್ತಿತ್ತು. ಬಹಳಷ್ಟು ಮಂದಿ ಹಾಗಲಕಾಯಿ ಬಿಡುತ್ತಿದ್ದರು. ವಸಂತರಾಯರೂ ಬೊಗಸೆಯಲ್ಲಿ ನೀರು ಹಿಡಿದು ಹಾಗಲಕಾಯಿಯನ್ನೇ ಬಿಟ್ಟರು. ತಾಯಿಗೂ ಅದನ್ನೇ ಹೇಳಿಕೊಟ್ಟರು. ಶಾಲೆಗೆ ಮಂಜಿನ ರಜೆ ಇದ್ದುದರಿಂದ ನಾವಿಬ್ಬರೂ ದರ್ಭೆಯ ಕಟ್ಟು, ತಂಬಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆವು. ರುಕ್ಮಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಸುಮಿ ಕೇಳಿಬಿಟ್ಟಳು.

“ಅಜ್ಜೀ, ಇಷ್ಟ ಇದ್ದದ್ದು ಬಿಡಬೇಕು ಅಂತಾರ. ಇಷ್ಟ ಇಲ್ಲದ್ದನ್ನ ಬಿಟ್ರ ಬಿಟ್ಟಂಗ ಆಗತದೇನು?”

ಅವಳು ಅಣಕಿಸಲು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಅಪ್ಪ ಕಣ್ಣಲ್ಲೇ ಗದರಿಸಿದರು. ರುಕ್ಮಾಬಾಯಿ ಸುಮಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಬೊಗಸೆಯ ನೀರು ಬೆರಳುಗಳ ಸಂದಿಯಿಂದ ಸೋರುತ್ತಿತ್ತು. ಇನ್ನೂ ಸ್ವಲ್ಪ ಉಳಿದಿರುವಾಗಲೇ, “ಚಹಾ ಬಿಟ್ಟೆ” ಎಂದು ನೀರು ಬಿಟ್ಟರು.

ಬೇಡ ಎನ್ನಲು ವಸಂತರಾಯರಿಗೆ ಸಮಯವೇ ಸಿಗಲಿಲ್ಲ. ತಾಯಿ ದಿನಕ್ಕೆ ಐದಾರು ಸಲ ಚಹಾ ಕುಡಿಯುವವರು, ಅದೊಂದೇ ಅವರ ಹೊಟ್ಟೆಗೆ ಸರಿಯಾಗಿ ಹೋಗುತ್ತಿದ್ದುದು. ಸಂಜೆಯ ಹೊತ್ತಿಗೆ ರುಕ್ಮಾಬಾಯಿಗೆ ತಲೆನೋವು ಬಂತು. ಮರುದಿನ ಏಳಲಿಲ್ಲ. ಅದೇ ದಿನ ಮಂಜು ದಟ್ಟವಾಗಿ ಅವರ ರೈಲು ರದ್ದಾಯಿತು, ಅದರ ಮಾರನೆಯ ದಿನದ್ದೂ ಹೋಗಲಿಲ್ಲ. ವಸಂತರಾಯರು ದಿನಾ ಕ್ಯಾಂಟ್ ಸ್ಟೇಷನ್ನಿಗೆ ಹೋಗಿ ಬರಿಗೈಯಲ್ಲಿ ಬರುತ್ತಿದ್ದರು. ಮೂರನೆಯ ದಿನ ಮೆಟ್ಟಿಲು ಹತ್ತುತ್ತಲೇ ಅಪ್ಪನಿಗೆ ಅಂದರು: “ಆಚಾರ್ರ, ನಿಮ್ಮ ಮಗಳಿಗೆ ಅದು ಆಟ. ನಾಳೆ ನಮ್ಮ ಅವ್ವಗ ಏನರ ಆದ್ರ ಯಾರನ್ನ ಕೇಳಲಿ?”

ಅಪ್ಪ ಸುಮಿಯನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಹೊಡೆಯಲಿಲ್ಲ, ದನಿ ಏರಿಸಲೂ ಇಲ್ಲ. ಇವರು ಊರಿಗೆ ಹೋಗುವತನಕ ಯಾರಿಗೂ ಒಂದು ಪ್ರಶ್ನೆಯನ್ನೂ ಕೇಳಕೂಡದು ಎಂದರು. ಎಷ್ಟು ದಿನ ಎಂದು ಕೇಳಲು ಅವಳ ಬಾಯಿ ತೆರೆದದ್ದು ನನಗೆ ಕಂಡಿತು. ಅದೂ ಪ್ರಶ್ನೆಯೆಂದು ಹೊಳೆದು ಮುಚ್ಚಿಕೊಂಡಳು.

ಮೊದಲ ದಿನ ನನಗೆ ಸುಖವೆನಿಸಿತು. ಎರಡನೆಯ ದಿನದಿಂದ ಮನೆ ಬೇರೆಯದಾಯಿತು. ಹಸಿವಾದರೆ ಸುಮಿ “ಊಟ ಯಾವಾಗ” ಎನ್ನದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ತನ್ನ ಕಾಲುಚೀಲ ಕಾಣದಿದ್ದರೆ ಬರಿಗಾಲಲ್ಲೇ ಓಡಾಡಿದಳು. ಮಹಡಿಯ ಮೇಲೆ ಗಾಳಿಪಟ ಹಾರಿಸುತ್ತಿದ್ದ ಪಕ್ಕದ ಮನೆಯ ಹುಡುಗರು ಕರೆದರೂ ಹೋಗಲಿಲ್ಲ. ರಜಾಯಿಯೊಳಗೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ನಾನೇ ಒಂದು ಸಲ ಏನಾದರೂ ಕೇಳು, ಅಪ್ಪನಿಗೆ ಹೇಳುವುದಿಲ್ಲ ಎಂದೆ. ತಲೆಯಾಡಿಸಿ ಬೇಡವೆಂದಳು. ಅಜ್ಜಿ ಸಾಯುತ್ತಾರೆ, ತನ್ನಿಂದಲೇ ಸಾಯುತ್ತಾರೆ ಎಂದು ಅವಳು ನಂಬಿದ್ದಳು. ಇದನ್ನು ಬಹಳ ವರ್ಷಗಳ ನಂತರ ಹೇಳಿದಳು.

ಐದನೆಯದೋ ಆರನೆಯದೋ ದಿನ ರುಕ್ಮಾಬಾಯಿಯ ತಲೆನೋವು ಇಳಿಯಿತು. ಅಡುಗೆಮನೆಯಲ್ಲಿ ಕೆಂಡ ತುಂಬಿದ ಮಣ್ಣಿನ ಅಗ್ಗಿಷ್ಟಿಕೆಯ ಹತ್ತಿರ ಬಂದು ಕೂತರು. ಎದುರಿಗೆ ಸುಮಿ, ಈಚೆ ಬದಿ ಬಟಾಣಿ ಬಿಡಿಸುತ್ತಾ ನಾನು. ಹಾಲಿನವನು ಆಗಷ್ಟೇ ಹೋಗಿದ್ದ, ನಾಳೆ ತಾನು ಬರುವುದಿಲ್ಲ ಎನ್ನಲು “ಹಮ್ ನಾ ಆಇಬ್” ಎಂದು ಹೇಳಿ. ಈ ಕಡೆಯ ಜನ ‘ನಾನು’ ಎನ್ನುವಲ್ಲಿ ‘ಹಮ್’ ಎನ್ನುತ್ತಾರೆ. ಪುಸ್ತಕದ ಹಿಂದಿಯಲ್ಲಿ ಅದು ‘ನಾವು’.

ರುಕ್ಮಾಬಾಯಿ ಸುಮಿಯನ್ನು ಹತ್ತಿರ ಕರೆದರು. “ನನಗೊಂದು ಹೇಳವಾ. ಆ ಹಾಲಿನಾಂವ ದಿನಾ ಒಬ್ಬನ ಬರತಾನ. ಬಂದು ಹಮ್, ಹಮ್ ಅಂತಾನ. ಹಮ್ ಅಂದ್ರ ನಾವು ಅಂತ ನಿಮ್ಮವ್ವ ಹೇಳಿದ್ಲು. ಹಂಗಾರ ಆ ಇನ್ನೊಬ್ಬಾಂವ ಎಲ್ಲಿರತಾನ?”

ಸುಮಿ ಬಾಗಿಲ ಕಡೆ ನೋಡಿದಳು. ಉತ್ತರ ಹೇಳಬಾರದೆಂದು ಅಪ್ಪ ಹೇಳಿರಲಿಲ್ಲ.

“ಇನ್ನೊಬ್ಬರು ಯಾರೂ ಇಲ್ಲ ಅಜ್ಜಿ. ಇಲ್ಲೆ ಎಲ್ಲಾರೂ ಹಂಗ ಅನ್ನೂದು. ರಿಕ್ಷಾದಾಂವನೂ ಅಂತಾನ. ಒಬ್ಬರ ಇದ್ರೂ ಹಮ್.”

“ಯಾರೂ ತಪ್ಪು ಅನ್ನಂಗಿಲ್ಲೇನು?”

“ಇಲ್ಲ.”

ರುಕ್ಮಾಬಾಯಿ ಕೆಂಡವನ್ನು ಕೆದಕಿದರು. “ಹಂಗಾರ ಇದು ಛಲೋ ಊರು” ಎಂದರು.

ಆಮೇಲೆ ಅವರು ಮಾತಾಡಿದರು. ನಾವು ಬೆಳಿಗ್ಗೆ ಐದಕ್ಕೇ ಏಳುತ್ತಿದ್ದೆವು, ನಾವು ಒಂದೇ ಚಹಾ ಮಾಡಿಕೊಳ್ಳುತ್ತಿದ್ದೆವು, ಅವರದು ಕಪ್ಪು, ನನ್ನದು ಬಶಿ ಎಂದರು. ಬಶಿ ಎಂದರೆ ಕಪ್ಪಿನ ಕೆಳಗಿಡುವ ತಟ್ಟೆ. ನಲವತ್ತು ವರ್ಷ ತಾನು ಬಶಿಯಲ್ಲೇ ಕುಡಿದದ್ದು, ಈಗ ಸೊಸೆ ಪ್ರೀತಿಯಿಂದ ಕಪ್ಪು ತುಂಬಿಸಿ ಕೊಡುತ್ತಾಳೆ, ಅದು ಗಂಟಲಲ್ಲಿ ನಿಲ್ಲುತ್ತದೆ, ಬೇಡವೆಂದರೆ ಮಗನಿಗೂ ಅವಳಿಗೂ ಗಾಬರಿ, ಅದಕ್ಕೇ ಕುಡಿಯುತ್ತಿದ್ದೆ ಎಂದರು. ನಡುವೆ ವಸಂತರಾಯರು ಸ್ಟೇಷನ್ನಿನಿಂದ ಬಂದು ಬಾಗಿಲಲ್ಲಿ ನಿಂತದ್ದು ಅವರಿಗೆ ಕಾಣಲಿಲ್ಲ. ನಾವು ಇಲ್ಲಿಗೆ ಒಮ್ಮೆ ಬರಬೇಕು ಅಂದುಕೊಂಡಿದ್ದೆವು ಎಂದು ಅವರು ಹೇಳಿದಾಗ ಮಗ ರೂಢಿಯಂತೆ ಬಾಯಿ ತೆರೆದರು.

ಸುಮಿ ಅವರನ್ನು ನೋಡಿ, “ಕಾಕಾ, ಇಲ್ಲೆ ಹಂಗ ಅಂತಾರ” ಎಂದಳು.

ವಸಂತರಾಯರು ಮಫ್ಲರ್ ಬಿಚ್ಚಿ ಕೈಯಲ್ಲಿ ಸುತ್ತುತ್ತಾ ನಿಂತರು, ಆಮೇಲೆ ಒಳಗೆ ಬಂದು ತಾಯಿಯ ಪಕ್ಕ ಕೂತು ಕೆಂಡಕ್ಕೆ ಕೈ ಚಾಚಿದರು. ತಾಯಿ ಮುಂದುವರಿಸಿದರು. ಆ ದಿನ ಒಂದು ಸಲವೂ ಅವರು ತಿದ್ದಲಿಲ್ಲ. ಅವರ ಕಣ್ಣು ಕೆಂಪಾಗಿತ್ತು. ಹೊಗೆಯೆಂದು ನಾನು ತಿಳಿದಿದ್ದೆ.

ಸಂಜೆ ರುಕ್ಮಾಬಾಯಿಯೇ ಅಪ್ಪನನ್ನು ಕರೆದು, ಆ ಹುಡುಗಿಯ ಬಾಯಿ ಕಟ್ಟಬೇಡಿರಿ, ಚಹಾ ಬಿಡಲು ನನಗೊಂದು ನೆವ ಬೇಕಾಗಿತ್ತು, ಅವಳು ಕೊಟ್ಟಳು ಎಂದರು. ಅಪ್ಪ ಸುಮಿಯ ತಲೆಯ ಮೇಲೆ ಕೈಯಿಟ್ಟು ಇನ್ನು ಕೇಳು ಎಂದರು. ಅವಳಿಗೆ ಒಂದೂ ನೆನಪಾಗಲಿಲ್ಲ. ಹೊಸದೊಂದು ಬರಲು ಎರಡು ದಿನ ಬೇಕಾಯಿತು.

ಮಂಜು ಬಿಟ್ಟ ದಿನ ಅವರು ಹೊರಟರು. ಹಿರಿಯರ ಕಾರ್ಯಕ್ಕೆ ಬಂದವರು ‘ಹೋಗಿ ಬರುತ್ತೇವೆ’ ಎನ್ನುವಂತಿಲ್ಲ, ನಾವೂ ‘ಬನ್ನಿ’ ಎನ್ನುವಂತಿಲ್ಲ. ರುಕ್ಮಾಬಾಯಿ ಸುಮಿಯ ಕೆನ್ನೆ ಮುಟ್ಟಿ, ಹೇಳದೆ ಮೆಟ್ಟಿಲಿಳಿದರು. ಗಲ್ಲಿಯ ತಿರುವಿನವರೆಗೆ ಸುಮಿ ಹಿಂದೆ ಹೋದಳು. ಅಲ್ಲಿಂದ ಗೋದೌಲಿಯಾದತ್ತ ಅವರ ರಿಕ್ಷಾ ಹೋಯಿತು.

ಏಳೆಂಟು ವರ್ಷಗಳ ಮೇಲೆ ವಸಂತರಾಯರು ಮತ್ತೆ ಬಂದರು, ಈ ಸಲ ತಾಯಿಯ ಕಾರ್ಯಕ್ಕೆ. ಅವ್ವ ಕೊನೆಯವರೆಗೂ ಹಾಗೆಯೇ ಮಾತಾಡುತ್ತಿದ್ದಳು, ಮೊಮ್ಮಕ್ಕಳು ಅದನ್ನೇ ಸರಿ ಎಂದು ತಿಳಿದಿದ್ದರು ಎಂದು ಅಮ್ಮನಿಗೆ ಹೇಳಿದರು. ಸುಮಿ ಎಲ್ಲಿ ಎಂದು ಕೇಳಿದರು. ಅವಳು ಲಂಕಾದ ಕೋಚಿಂಗಿಗೆ ಹೋಗಿದ್ದಳು. ಘಾಟಿನಲ್ಲಿ ಏನು ಬಿಡುತ್ತೀರಿ ಎಂದು ಅಪ್ಪ ಕೇಳಿದಾಗ, ಯೋಚಿಸಲು ಸಮಯ ಬೇಕೆಂದು ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರಂತೆ. ಆಮೇಲೆ ಅಪ್ಪನಿಗೆ ಮಾತ್ರ ಕೇಳುವಂತೆ ಹೇಳಿ ನೀರು ಬಿಟ್ಟರು. ಏನೆಂದು ಅಪ್ಪ ನಮಗೆ ಹೇಳಲಿಲ್ಲ.

ಈಗ ಆ ಮನೆ ಬೇರೆಯವರದು. ಹೊರದೇಶದವರು ಇಳಿದುಕೊಳ್ಳುವ ಕೋಣೆಗಳಾಗಿವೆ, ಅಡುಗೆಮನೆಯಲ್ಲಿ ಕೌಂಟರ್ ಇದೆ. ಮೊಣಕಾಲು ಘಾಟಿನ ಮೆಟ್ಟಿಲಿಗೆ ಒಗ್ಗದೆ ಅಪ್ಪ ಅಮ್ಮನೊಂದಿಗೆ ಧಾರವಾಡಕ್ಕೆ ಹೋದರು, ಸೋದರಮಾವನ ಮನೆಯ ಹತ್ತಿರವೇ ಇದ್ದಾರೆ. ಸುಮಿ ಗೋರಖಪುರದ ಕಾಲೇಜೊಂದರಲ್ಲಿ ಹಿಂದಿ ಕಲಿಸುತ್ತಾಳೆ. ನಾನು ಕಂಟೋನ್ಮೆಂಟಿನ ಕಡೆ ಒಂದು ಕಚೇರಿಯಲ್ಲಿದ್ದೇನೆ, ಗಂಡ ಇಲ್ಲಿಯವರೇ. ಸುಮಿಯೂ ನಾನೂ ಫೋನಿನಲ್ಲಿ ಮಾತಾಡುವುದು ಹಿಂದಿಯಲ್ಲಿ. ಯಾವಾಗಿನಿಂದ ಹಾಗಾಯಿತೆಂದು ಇಬ್ಬರಿಗೂ ನೆನಪಿಲ್ಲ. ಯಾರೂ ನಿರ್ಧರಿಸಿದ್ದಲ್ಲ.

ಕಳೆದ ವಾರ ಅಮ್ಮ ಫೋನ್ ಮಾಡಿದಾಗ ನನ್ನ ಮಗಳು ಎತ್ತಿಕೊಂಡಳು. ಅವಳಿಗೂ ಏಳು ವರ್ಷ. ಅಮ್ಮ ಆ ಕಡೆಯಿಂದ, “ಉಂಡಿ ಏನವಾ?” ಎಂದು ಕೇಳಿದ್ದು ನನಗೆ ಕೇಳಿಸಿತು. ಮಗಳಿಗೆ ಗೊತ್ತಿರುವುದು ಒಂದೇ ಉಂಡಿ, ಪ್ರತಿ ದೀಪಾವಳಿಗೆ ಧಾರವಾಡದಿಂದ ಡಬ್ಬಿಯಲ್ಲಿ ಬರುವುದು. ಅವಳು ಹಿಂದಿಯಲ್ಲಿ, ಲಡ್ಡು ಆವಾಗಲೇ ಖಾಲಿಯಾಯಿತು ನಾನೀ ಎಂದಳು. ಅಮ್ಮ, ಆಯಿತು, ಮತ್ತೆ ಕಳಿಸುತ್ತೇನೆ ಎಂದಳು. ಊಟದ ವಿಷಯ ಇಬ್ಬರೂ ಎತ್ತಲಿಲ್ಲ.