ಸ್ವಲ್ಪ ಸೋರುವ ಕವಾಟ

ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನಲ್ಲಿ ಯಂತ್ರ ರಿಪೇರಿ ಮಾಡುವ ದೂಮಪ್ಪಣ್ಣನಿಗೆ, ತಮ್ಮ ಹೃದಯದ ಕವಾಟವೊಂದು ಸ್ವಲ್ಪ ಸೋರುತ್ತಿದೆ ಎಂದು ಸ್ಕ್ಯಾನಿನಲ್ಲಿ ಗೊತ್ತಾದಾಗಿನಿಂದ ಸಿಕ್ಕವರನ್ನೆಲ್ಲ ತಡೆದು ಕೇಳುವುದೇ ಕೆಲಸ. "ಸ್ವಲ್ಪ ಅಂದ್ರೆ ಎಷ್ಟು ಮಾರಾಯ್ರೆ? ತೊಟ್ಟಿಕ್ಕುದಾ, ಹರಿಯುದಾ?" ಹೆಂಡತಿ ನೀಲಾವತಿ, "ಹೆದರ್ಬೇಡಿ ಅಂತ ಜಿಪಿ ಡಾಕ್ಟ್ರು ಹೇಳಿದ್ದಾರಲ್ಲ," ಎಂದರೆ, "ಹೆದರ್ಲಿಕ್ಕಿಲ್ಲದಿದ್ರೆ ಇನ್ನೊಂದು ಸ್ಕ್ಯಾನ್ ಯಾಕೆ?" ಎನ್ನುತ್ತಾರೆ. ಸೋರುವ ಯಂತ್ರವನ್ನು ತಕ್ಷಣ ನಿಲ್ಲಿಸುವವರಿಗೆ, ದಿನಾ ನಡೆಯಿರಿ ಎಂಬ ಡಾಕ್ಟರ ಸಲಹೆ ಅರ್ಥವೇ ಆಗುವುದಿಲ್ಲ; ಜೋರಾಗಿ ಸೀನುವುದಕ್ಕೂ ಅಂಜುತ್ತಾರೆ. ಎರಡನೆಯ ಸ್ಕ್ಯಾನ್ ಆದ ಮೇಲೆ ಹೃದಯತಜ್ಞೆ, "ಸೋರಿಕೆ ಹೆಚ್ಚಾಗಿಲ್ಲ, ವರ್ಷಕ್ಕೊಮ್ಮೆ ನೋಡೋಣ. ಏನಾದರೂ ಕೇಳಬೇಕೇ?" ಎಂದರು. ಅಷ್ಟೊಂದು ಪ್ರಶ್ನೆಗಳಿದ್ದ ದೂಮಪ್ಪಣ್ಣ ಒಂದನ್ನೇ ಕೇಳಿದರು: "ಮೊಮ್ಮಗಳನ್ನು ಎತ್ತಿಕೊಳ್ಬಹುದಾ?" ನೀಲಾವತಿಗೆ ಆಗ ಹೊಳೆಯಿತು: ಪುಟ್ಟ ಅನ್ವಿತಾ ಕೈ ಚಾಚಿದಾಗಲೆಲ್ಲ ಇಷ್ಟು ದಿನವೂ ಅವರು ನೆಲಕ್ಕೇ ಕೂತು ಅವಳನ್ನು ತಬ್ಬಿಕೊಳ್ಳುತ್ತಿದ್ದರು.